ನಾಲ್ಕನೇ ಸಲದ ಜೋಗುಳ

ಮೊದಲ ಸಲ ಹಾಡಿದಾಗ
ಎರಡನೇ ಸಾಲಿಗೂ ಮೂರನೇ ಸಾಲಿಗೂ ನಡುವೆ
ಟಿಕ್ ಅಂತ ಒಂದು ಸದ್ದು,
ಬೇಯದ ಕಾಳು ಹಲ್ಲಿಗೆ ಸಿಕ್ಕ ಹಾಗೆ.

ಮೈಕು ಬದಲಿಸಿದೆ. ತಂತಿ ಬದಲಿಸಿದೆ.
ಒಲೆ ಮೇಲಿನ ಕೆಟಲು ಇಳಿಸಿ ಅಂದೆ.
ಮಾಕ್ವಾಲಾ ಅಜ್ಜಿ ಇಳಿಸಿದಳು,
ಇಳಿಸುತ್ತ ನನ್ನತ್ತ ನೋಡಿದಳು,
ಚಹಾ ಬೇಡವೆನ್ನುವ ಮನುಷ್ಯ ಎಂಥವನೋ ಎಂಬಂತೆ.
ಎರಡನೇ ಸಲ ಎರಡು ಟಿಕ್.
ಮೂರನೇ ಸಲ, ಆಕೆ ಉಸಿರಿಗೆ ನಿಂತ ಕಡೆಯಲ್ಲೆಲ್ಲ.

ಮೆಸ್ತಿಯಾ ದಾಟಿ ಮೂರು ತಾಸು ಮಂಜಿನ ದಾರಿ.
ಕಲ್ಲಿನ ಗೋಪುರಗಳ ನಡುವೆ ಹನ್ನೊಂದು ಮನೆ,
ಹೊಗೆ ಏಳುವುದು ನಾಲ್ಕರಲ್ಲಿ.
ಈ ಜೋಗುಳ ಪೂರ್ತಿ ಗೊತ್ತಿರುವುದು ಒಬ್ಬಳಿಗೆ,
ಆಕೆಗೆ ಎಂಬತ್ತೊಂದು.

ಕೊಟ್ಟಿಗೆಯ ಮೆಟ್ಟಿಲಲ್ಲಿ ನಿಂತರೆ ಮಾತ್ರ ಫೋನು ಸಿಗುತ್ತದೆ.
ಕುತೈಸಿಯ ಎಲ್ಗುಜಾ, ರಿಪೇರಿ ಅಂಗಡಿಯವನು,
ಏನೋ ಜಗಿಯುತ್ತಲೇ ಅಂದ:
ಅದು ಮೈಕಲ್ಲ ಮಾರಾಯಾ, ನಿದ್ದೆ.
ಕೈಗೆ ಕೆಲಸವಿಲ್ಲದ ಕ್ಷಣ ನಿನ್ನ ಪ್ರೊಸೆಸರು
ದೀಪ ಆರಿಸಿ ಮಲಗುತ್ತದೆ, ಕರೆಂಟು ಉಳಿಯಲಿ ಅಂತ.
ಕರೆದರೆ ಏಳುತ್ತದೆ, ನಿಜ.
ಆದರೆ ಕಣ್ಣುಜ್ಜಿಕೊಂಡು, ಚಪ್ಪಲಿ ಹುಡುಕಿಕೊಂಡು.
ಆ ಚಪ್ಪಲಿ ಸದ್ದೇ ನಿನ್ನ ಟಿಕ್.

ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ
ನಾನು ಅದರೆದುರು
ಮೂರು ಸಲ ಜೋಗುಳ ಹಾಡಿಸಿದ್ದೆ.

ಎಫ್ ಎರಡು ಒತ್ತಿದೆ. ನೀಲಿ ಪರದೆ.
ಮೌಸಿಗೆ ಪ್ರವೇಶವಿಲ್ಲದ ಹಳೇ ಕಚೇರಿ,
ಬಾಣದ ಕೀಲಿ ಹಿಡಿದೇ ಇಳಿಯಬೇಕು ಒಂದೊಂದು ಮೆಟ್ಟಿಲು.
ಸಿ-ಸ್ಟೇಟ್: ನಿಷ್ಕ್ರಿಯ.
ವೇಗ ಇಳಿಸಿ ಏರಿಸುವ ಇನ್ನೊಂದು ಸಾಲು: ಅದೂ.
ಉಳಿತಾಯವೇ ಬೇಡ ಎಂಬ ಮಾತನ್ನು
ಉಳಿಸಲೇ, ಎಂದು ಕೇಳಿತು.
ಹೌದು ಅಂದೆ.

ಎದ್ದಿತು.
ಎದ್ದದ್ದೇ ಮೈಯೆಲ್ಲ ಜ್ವರ, ಫ್ಯಾನು ಹೋ ಅಂತ ರೊಚ್ಚಿಗೆ.
ಟಿಕ್ ಹೋಯಿತು, ಬಿರುಗಾಳಿ ಬಂತು.
ಹೊರಗೆ ಮೈನಸ್ ಹನ್ನೆರಡು.
ಲ್ಯಾಪ್‌ಟಾಪನ್ನು ಎತ್ತಿ ಮೊಗಸಾಲೆಯ ಕಟ್ಟೆ ಮೇಲಿಟ್ಟು
ಕಿಟಕಿ ಸಂದಿಯಿಂದ ತಂತಿ ಎಳೆದು
ಸಂದಿಗೆ ನನ್ನ ಉಣ್ಣೆಯ ಕಾಲುಚೀಲ ತುರುಕಿದೆ.
ಅದರ ಸುತ್ತ ಮಂಜು ಮೆಲ್ಲಗೆ ಹಿಂದೆ ಸರಿಯಿತು,
ಮುಂಗೋಪಿಗೆ ಜಾಗ ಬಿಡುವವರಂತೆ.

ಯಾಕೆ ಹೊರಗೆ ಹಾಕಿದೆ, ಅಂದಳು ಅಜ್ಜಿ.
ನಿದ್ದೆ ಬಾರದ ಹಾಗೆ ಮಾಡಿದ್ದೇನೆ, ಅದಕ್ಕೇ ರಂಪ.
ನನ್ನ ಎರಡನೆಯವನೂ ಹಾಗೇ, ಅಂದಳು,
ಮಂಜಿಗೆ ಎತ್ತಿಕೊಂಡು ಹೋದರೆ ಸುಮ್ಮನಾಗುತ್ತಿದ್ದ.
ಎರಡನೆಯವನು ಈಗೆಲ್ಲಿ ಅಂತ ನಾನು ಕೇಳಲಿಲ್ಲ.
ಗೋಡೆಯ ಮೇಲೆ ಪಟ ಇತ್ತು.

ನಾಲ್ಕನೇ ಸಲ.
ಆಕೆ ಹಾಡಿದಳು, ನಿಂತಳು, ಹಾಡಿದಳು.
ನಿಂತಲ್ಲೆಲ್ಲ ಬರೀ ನಿಲುವು, ತೊಳೆದ ಹಾಗೆ.
ಮೂರನೇ ಪಲ್ಲವಿಯ ನಡುವೆ ಮತ್ತೆ ನಿಂತಳು.
ಉಸಿರಿಗೆ ಅಂದುಕೊಂಡೆ.
ಸ್ವಲ್ಪ ಹೊತ್ತಾದ ಮೇಲೆ ಗಲ್ಲ
ಎದೆಯ ಮೇಲಿನ ಶಾಲಿಗೆ ಇಳಿಯಿತು.

ನಿಲ್ಲಿಸಲು ಎದ್ದವನು ಕೂತೆ.
ಎದ್ದರೆ ಹಲಗೆ ಕಿರುಗುಟ್ಟುತ್ತದೆ.
ಒಲೆಯೊಳಗೆ ಕೊಂಬೆ ಮುರಿಯಿತು.
ಮೂಗಿನ ತುದಿಯಲ್ಲಿ ಸಣ್ಣ ಸಿಳ್ಳೆ.
ಒಮ್ಮೆ, ಸ್ವಾನ್ ಮಾತಿನಲ್ಲಿ, ಯಾರದೋ ಹೆಸರು.
ಹಸುವಿನದೂ ಇರಬಹುದು.
ಕಿಟಕಿಯಾಚೆ ಅದು, ಎವೆಯಿಕ್ಕದೆ,
ಅಷ್ಟನ್ನೂ ಬರೆದುಕೊಳ್ಳುತ್ತಿತ್ತು.

ಈಗ ಕುತೈಸಿಯಲ್ಲಿದ್ದೇನೆ. ಸಿ-ಸ್ಟೇಟ್ ಹಾಗೇ ಇದೆ.
ತೊಡೆ ಸುಡುತ್ತದೆ, ಆರು ತಾಸಿನ ಬ್ಯಾಟರಿ ಎರಡಕ್ಕೇ ಮುಗಿಯುತ್ತದೆ,
ಎಲ್ಗುಜಾ ಬಯ್ಯುತ್ತಾನೆ, ಕೆಲಸ ಮುಗಿಯಿತಲ್ಲ, ಪಾಪ ಮಲಗಲಿ ಬಿಡು.
ನಾಳೆ ಎನ್ನುತ್ತೇನೆ.

ಕಡತ ಐವತ್ತೊಂದು ನಿಮಿಷದ್ದು.
ಹಾಡು ಇರುವುದು ಮೊದಲ ಮೂರೂವರೆ.
ಉಳಿದದ್ದರಲ್ಲಿ
ಒಂದೂ ಟಿಕ್ ಇಲ್ಲ.